ಆಧುನಿಕ ಅಮೆರಿಕದ ಚರಿತ್ರೆ: ಕನ್ನಡದ ತರಗತಿಯಲ್ಲಿ ಅದರ ನೆಲೆ

1

ಬೆಂಗಳೂರಿನ ಪಶ್ಚಿಮ ಭಾಗದ ಪದವಿ ವಿದ್ಯಾರ್ಥಿಗೆ ಅಮೆರಿಕವನ್ನು ಕುರಿತ ತಿಳಿವಳಿಕೆ ಎರಡು ದಾರಿಗಳಿಂದ ಬರುತ್ತದೆ. ಒಂದು ಮನೆಯ ದಾರಿ. ಬಸವೇಶ್ವರನಗರ, ವಿಜಯನಗರ, ರಾಜಾಜಿನಗರಗಳ ಅನೇಕ ಮನೆಗಳಿಗೆ ಅಮೆರಿಕವೆಂದರೆ ಮಗನೋ ಮಗಳೋ ದುಡಿಯುತ್ತಿರುವ ಊರು, ಬಾಣಂತನಕ್ಕೆಂದು ಆರು ತಿಂಗಳು ಹೋಗಿಬರುವ ಜಾಗ, ವೀಸಾದ ದಿನಾಂಕಕ್ಕಾಗಿ ಕಾಯುವ ಆತಂಕ. ಇನ್ನೊಂದು ಪರೀಕ್ಷೆಯ ದಾರಿ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಗೆ ಹೆಸರಾದ ವಿಜಯನಗರಕ್ಕೆ ನಾಡಿನ ಬೇರೆ ಬೇರೆ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಜಾಗತಿಕ ಇತಿಹಾಸದ ಒಂದು ಅಧ್ಯಾಯವಾಗಿ ಅಮೆರಿಕವನ್ನು ಓದುತ್ತಾರೆ. ಕೇಂದ್ರ ಲೋಕಸೇವಾ ಆಯೋಗವು 2013ರಲ್ಲಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಹದಿನೆಂಟನೆಯ ಶತಮಾನದಿಂದೀಚಿನ ಜಗತ್ತಿನ ಚರಿತ್ರೆಯನ್ನು ಸೇರಿಸಿದ್ದು ಈ ಓದಿಗೆ ಒಂದು ಕಾರಣ. 1776, 1861, 1929, 1945 ಎಂಬ ಇಸವಿಗಳು, ಅವುಗಳ ಕೆಳಗೆ ಕಾರಣಗಳು ಮತ್ತು ಪರಿಣಾಮಗಳ ಪಟ್ಟಿ: ಪರೀಕ್ಷೆಯ ಅಮೆರಿಕ ಬಹುಮಟ್ಟಿಗೆ ಇಷ್ಟರಲ್ಲಿ ಮುಗಿಯುತ್ತದೆ.

ಈ ಎರಡು ಅಮೆರಿಕಗಳು ಒಂದನ್ನೊಂದು ಸಂಧಿಸುವುದಿಲ್ಲ ಎಂಬುದು ಇಲ್ಲಿಯ ಮುಖ್ಯ ಸಮಸ್ಯೆ. ಮನೆಯ ಅಮೆರಿಕಕ್ಕೆ ಚರಿತ್ರೆಯಿಲ್ಲ. ಪರೀಕ್ಷೆಯ ಅಮೆರಿಕಕ್ಕೆ ಬದುಕಿಲ್ಲ. ಒಂದರಲ್ಲಿ ಅಮೆರಿಕವು ಹಿಂದುಮುಂದಿಲ್ಲದ ಸಮೃದ್ಧಿಯಾಗಿ ಕಾಣುತ್ತದೆ. ಇನ್ನೊಂದರಲ್ಲಿ ಯುದ್ಧ, ಒಪ್ಪಂದ ಮತ್ತು ಅಧ್ಯಕ್ಷರ ಹೆಸರುಗಳ ಸರಣಿಯಾಗಿ ಕಾಣುತ್ತದೆ. ಅಂತರ್ಯುದ್ಧ ಮುಗಿದ 1865ರಿಂದ ಇಲ್ಲಿಯವರೆಗೆ ಆ ಸಮಾಜ ತನ್ನೊಳಗೆ ತಾನೇ ನಡೆಸಿದ ಹೋರಾಟಗಳ ಕಥನ ಎರಡರಲ್ಲಿಯೂ ಸಿಗುವುದು ವಿರಳ. ಕನ್ನಡ ಸಮಾಜದ ಪ್ರಶ್ನೆಗಳಿಗೆ ಅತ್ಯಂತ ಸಮೀಪವಾಗಿರುವುದು ಈ ಭಾಗವೇ. ಆದ್ದರಿಂದ ಆಧುನಿಕ ಅಮೆರಿಕದ ಚರಿತ್ರೆಯನ್ನು ಪದವಿ ಹಂತದಲ್ಲಿ ಕನ್ನಡದಲ್ಲಿ, ಕನ್ನಡ ಸಮಾಜದ ಪ್ರಶ್ನೆಗಳ ಮೂಲಕ ಓದುವುದು ಅಗತ್ಯ. ಅದಕ್ಕೆ ಬೇಕಾದ ಆಕರಗಳನ್ನು ಸಿದ್ಧಪಡಿಸುವ ಹೊಣೆ ಇತಿಹಾಸ ವಿಭಾಗಗಳದ್ದು ಎಷ್ಟೋ ಕನ್ನಡ ವಿಭಾಗಗಳದ್ದೂ ಅಷ್ಟೇ.

2

ಕನ್ನಡಕ್ಕೆ ಅಮೆರಿಕ ಹೊಸದಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ‘ಅಮೆರಿಕದಲ್ಲಿ ನಾನು’ ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಇವುಗಳ ಹಿಂದೆ ಮುಂದೆ ಬಂದ ಪ್ರವಾಸಕಥನಗಳು ಹಲವಾರು. ಈ ಪ್ರಕಾರದ ಶಕ್ತಿ ದೊಡ್ಡದು: ಅದು ದೂರದ ದೇಶವನ್ನು ಕನ್ನಡದ ಆಡುಮಾತಿಗೆ, ಹಾಸ್ಯಕ್ಕೆ, ಹೋಲಿಕೆಗೆ ಒಗ್ಗಿಸಿತು. ಆದರೆ ಅದರ ಮಿತಿಯೂ ಸ್ಪಷ್ಟವಿದೆ. ಪ್ರವಾಸಿಯ ಕಣ್ಣು ವರ್ತಮಾನವನ್ನು ಕಾಣುತ್ತದೆ. ರಸ್ತೆ, ಅಂಗಡಿ, ಮನೆ, ಶಿಷ್ಟಾಚಾರಗಳನ್ನು ದಾಖಲಿಸುತ್ತದೆ. ಆ ರಸ್ತೆಯ ಒಂದು ಬದಿಯಲ್ಲಿ ಬಿಳಿಯರೂ ಇನ್ನೊಂದು ಬದಿಯಲ್ಲಿ ಕಪ್ಪುಜನರೂ ಏಕೆ ವಾಸಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಚರಿತ್ರೆಯ ಬಾಗಿಲು ತಟ್ಟಬೇಕಾಗುತ್ತದೆ.

ಇದೇ ಕಾಲದಲ್ಲಿ ಅಮೆರಿಕವು ಕನ್ನಡವನ್ನು ಹೇಗೆ ಅರಿಯಲು ಹೊರಟಿತು ಎಂಬುದನ್ನು ಗಮನಿಸಿದರೆ ಅಂತರ ಇನ್ನಷ್ಟು ಎದ್ದು ಕಾಣುತ್ತದೆ. 1954ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಪಿ.ಎಲ್. 480 ಕಾಯಿದೆಯನ್ವಯ ಭಾರತಕ್ಕೆ ಗೋಧಿ ಬಂದಿತು. ಅದರ ಬೆಲೆಯನ್ನು ಭಾರತ ರೂಪಾಯಿಗಳಲ್ಲಿ ಪಾವತಿ ಮಾಡಿತು. ಆ ಹಣ ಅಮೆರಿಕದ ಲೆಕ್ಕದಲ್ಲಿ ಭಾರತದಲ್ಲಿಯೇ ಉಳಿಯಿತು. 1958ರ ಒಂದು ತಿದ್ದುಪಡಿ ಆ ಹಣದಿಂದ ಪುಸ್ತಕಗಳನ್ನು ಕೊಳ್ಳಲು ಅವಕಾಶ ಮಾಡಿಕೊಟ್ಟಿತು. 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿಯು ಭಾರತೀಯ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಸಂಗ್ರಹಿಸಿ ಅಮೆರಿಕದ ಸಂಶೋಧನ ಗ್ರಂಥಾಲಯಗಳಿಗೆ ಕಳುಹಿಸತೊಡಗಿತು. ಅವುಗಳಲ್ಲಿ ಕನ್ನಡವೂ ಒಂದು. ಬರಗಾಲದ ಅರವತ್ತರ ದಶಕದಲ್ಲಿ ಜನ ಪಡಿತರದ ಸಾಲಿನಲ್ಲಿ ನಿಂತು ಗೋಧಿ ತಂದರು. ಆ ಗೋಧಿಯ ಹಣದಿಂದಲೇ ಕನ್ನಡ ಪುಸ್ತಕಗಳು ಹಡಗೇರಿ ಸಾಗರ ದಾಟಿದವು. ಅಲ್ಲಿ ಅವುಗಳ ಸುತ್ತ ದಕ್ಷಿಣ ಏಷ್ಯಾ ಅಧ್ಯಯನ ಎಂಬ ಜ್ಞಾನಶಾಖೆ ಬೆಳೆಯಿತು. 1960ರ ದಶಕದಲ್ಲಿ ಶಿಕಾಗೊ ಸೇರಿದ ಮೈಸೂರಿನ ಎ.ಕೆ. ರಾಮಾನುಜನ್ನರು 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಇಂಥ ಕೆಲಸಗಳನ್ನು ಓದಿ ಮುಂದುವರಿಸುವ ವಿದ್ವತ್ ಸಮುದಾಯವೊಂದು ಅಲ್ಲಿ ರೂಪುಗೊಂಡಿತ್ತು.

ಇದಕ್ಕೆ ಪ್ರತಿಯಾಗಿ ಭಾರತದಲ್ಲಿ ಅಮೆರಿಕದ ಅಧ್ಯಯನವೂ ನಡೆಯಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣದಲ್ಲಿ 1964ರಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರ ಆರಂಭವಾಯಿತು. ಅದರ ಗ್ರಂಥಾಲಯವನ್ನು ಬಳಸಿಕೊಂಡು ದೇಶದ ಅನೇಕ ಅಧ್ಯಾಪಕರು ಸಂಶೋಧನೆ ನಡೆಸಿದರು. ಆದರೆ ಆ ಅಧ್ಯಯನದ ಭಾಷೆ ಇಂಗ್ಲಿಷ್ ಆಗಿತ್ತು. ಅದರ ಫಲ ಇಂಗ್ಲಿಷ್ ವಿಭಾಗಗಳ ಅಮೆರಿಕನ್ ಸಾಹಿತ್ಯದ ಪತ್ರಿಕೆಯಲ್ಲಿ ಕಂಡಷ್ಟು ಕನ್ನಡದ ಚರಿತ್ರೆಯ ತರಗತಿಯಲ್ಲಿ ಕಾಣಲಿಲ್ಲ. ಅಮೆರಿಕ ತನ್ನ ಅಗತ್ಯಕ್ಕೆ ತಕ್ಕಂತೆ ಕನ್ನಡವನ್ನು ಓದಿತು. ಕನ್ನಡವು ತನ್ನ ಅಗತ್ಯಕ್ಕೆ ತಕ್ಕಂತೆ ಅಮೆರಿಕವನ್ನು ಓದಲಿಲ್ಲ. ಜ್ಞಾನದ ಯಜಮಾನಿಕೆ ಎಂಬುದು ಇಂಥ ಅಸಮಾನ ಓದಿನಿಂದಲೂ ಹುಟ್ಟುತ್ತದೆ.

3

ಕನ್ನಡದ ಅಗತ್ಯ ಯಾವುದು ಎಂಬ ಪ್ರಶ್ನೆ ಇಲ್ಲಿ ಸಹಜ. ಪಶ್ಚಿಮ ಬೆಂಗಳೂರಿನ ಬದುಕನ್ನೇ ಎದುರಿಗಿಟ್ಟುಕೊಂಡರೆ ಮೂರು ನಿದರ್ಶನಗಳು ಸಾಕಾಗುತ್ತವೆ.

ಮೊದಲನೆಯದು ದುಡಿಮೆಗೆ ಸಂಬಂಧಿಸಿದ್ದು. ಪೀಣ್ಯದಲ್ಲಿಯೂ ಕೆಂಗೇರಿಯ ಕಡೆಗೆ ಹೋಗುವ ಮೈಸೂರು ರಸ್ತೆಯ ಆಸುಪಾಸಿನಲ್ಲಿಯೂ ಇರುವ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸರ್ಕಾರಿ ಕಾಲೇಜಿನ ತರಗತಿಯಲ್ಲಿ ಕುಳಿತ ಎಷ್ಟೋ ವಿದ್ಯಾರ್ಥಿಗಳ ತಾಯಂದಿರು, ಅಕ್ಕಂದಿರು ಅವರು. ಅವರು ಹೊಲಿಯುವ ಬಟ್ಟೆಗಳಲ್ಲಿ ಬಹುಪಾಲು ಅಮೆರಿಕ ಮತ್ತು ಯುರೋಪುಗಳ ಮಾರುಕಟ್ಟೆಗೆ ಹೋಗುತ್ತವೆ. ನ್ಯೂಯಾರ್ಕಿನ ಟ್ರಯಾಂಗಲ್ ಷರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಬೆಂಕಿ ಹತ್ತಿಕೊಂಡಾಗ ಹೊರಹೋಗುವ ಬಾಗಿಲಿಗೆ ಬೀಗ ಹಾಕಲಾಗಿತ್ತು. 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಯುರೋಪಿನಿಂದ ವಲಸೆ ಬಂದ ಬಡ ಕುಟುಂಬಗಳ ಎಳೆಯ ಹೆಣ್ಣುಮಕ್ಕಳು. ಆ ಸಾವುಗಳ ನಂತರ ಕಾರ್ಖಾನೆಗಳ ಸುರಕ್ಷತೆಯ ಕಾಯಿದೆಗಳು ಬಂದವು. ಆ ದುರಂತವನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದರು. ಸಾಮಾಜಿಕ ಭದ್ರತೆಯ 1935ರ ಕಾಯಿದೆ, ಕನಿಷ್ಠ ಕೂಲಿಯ 1938ರ ಕಾಯಿದೆ ಅವರ ಅಧಿಕಾರಾವಧಿಯಲ್ಲಿಯೇ ಬಂದವು. ಪರೀಕ್ಷೆಯ ಟಿಪ್ಪಣಿಗಳಲ್ಲಿ ‘ನ್ಯೂ ಡೀಲ್’ ಎಂಬುದು ರೂಸ್‌ವೆಲ್ಟರ ಆರ್ಥಿಕ ಕ್ರಮವೆಂದು ಬರುತ್ತದೆ. ಹೊಲಿಗೆಯ ಹೆಣ್ಣುಮಕ್ಕಳ ಸಾವಿನಿಂದ ಅದಕ್ಕೆ ಬಂದ ಒಂದು ದಾರಿ ಅಲ್ಲಿ ಕಾಣುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಮಿತಿ ಹೇರಿದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಎರಡು ದಿನಗಳೊಳಗೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಇವೆರಡನ್ನೂ ಒಟ್ಟಿಗೆ ಓದುವ ವಿದ್ಯಾರ್ಥಿಗೆ ಕಾರ್ಮಿಕ ಕಾನೂನು ಯಾರೋ ದಯಪಾಲಿಸಿದ್ದಲ್ಲ ಎಂಬುದು ಮನವರಿಕೆಯಾಗುತ್ತದೆ.

ಎರಡನೆಯದು ವಲಸೆಗೆ ಸಂಬಂಧಿಸಿದ್ದು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಯಶಸ್ಸನ್ನು ಪ್ರತಿಭೆ ಮತ್ತು ಪರಿಶ್ರಮಗಳ ಫಲವೆಂದು ವಿವರಿಸುವುದು ರೂಢಿ. ಅದು ಸುಳ್ಳಲ್ಲ, ಆದರೆ ಅರ್ಧಸತ್ಯ. 1917ರ ಕಾಯಿದೆ ಭಾರತವನ್ನೂ ಒಳಗೊಂಡ ಏಷ್ಯಾದ ಬಹುಭಾಗದ ಜನರಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ‘ಬಿಳಿಯ’ರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪು ನೀಡಿತು. ಥಿಂದ್ ತಮ್ಮ ವಾದದಲ್ಲಿ ಆರ್ಯ ಮೂಲವನ್ನೂ ಮೇಲ್ಜಾತಿಯನ್ನೂ ಮುಂದುಮಾಡಿದ್ದರು ಎಂಬುದು ಗಮನಾರ್ಹ. 1946ರಲ್ಲಿ ಬಾಗಿಲು ಕೊಂಚ ತೆರೆದಾಗಲೂ ಭಾರತಕ್ಕೆ ದೊರೆತ ಪಾಲು ವರ್ಷಕ್ಕೆ ನೂರು ಮಂದಿ ಮಾತ್ರ. ಈ ವ್ಯವಸ್ಥೆ ಕೊನೆಗೊಂಡದ್ದು 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಮಾಡಿದ ವಲಸೆ ಕಾಯಿದೆಯಿಂದ. 1964ರ ನಾಗರಿಕ ಹಕ್ಕುಗಳ ಕಾಯಿದೆ, 1965ರ ಮತದಾನ ಹಕ್ಕಿನ ಕಾಯಿದೆಗಳ ಬೆನ್ನಿಗೇ ಅದು ಬಂದಿತು. ಮಾಂಟ್ಗೊಮರಿ, ಬರ್ಮಿಂಗ್‌ಹ್ಯಾಂ, ಸೆಲ್ಮಾಗಳ ಬೀದಿಗಳಲ್ಲಿ ಕಪ್ಪುಜನರು ಲಾಠಿ, ನಾಯಿ, ಜಲಫಿರಂಗಿಗಳನ್ನು ಎದುರಿಸಿ ನಿಂತದ್ದರಿಂದ ಜನಾಂಗಭೇದದ ಕಾನೂನುಗಳು ನೈತಿಕ ಮಾನ್ಯತೆ ಕಳೆದುಕೊಂಡವು. ಆ ಸಡಿಲಿಕೆಯಲ್ಲಿ ತೆರೆದ ಬಾಗಿಲಿನಿಂದ ಭಾರತದ ವೈದ್ಯರು, ಎಂಜಿನಿಯರುಗಳು ಒಳಗೆ ಹೋದರು. ಎಚ್-1ಬಿ ವೀಸಾದ 1990ರ ಕಾನೂನು ಅದೇ ದಾರಿಯ ಮುಂದಿನ ಮೆಟ್ಟಿಲು.

ಹುಟ್ಟಿನಿಂದ ಬರುವ ಪೌರತ್ವದ ಕಥೆಯೂ ಇಂಥದೇ. ಅಮೆರಿಕದ ನೆಲದಲ್ಲಿ ಹುಟ್ಟಿದವರು ಅಲ್ಲಿಯ ಪೌರರು ಎಂದು ಸಾರಿದ 1868ರ ಹದಿನಾಲ್ಕನೆಯ ತಿದ್ದುಪಡಿ ಮುಖ್ಯವಾಗಿ ರಚಿತವಾದದ್ದು ದಾಸ್ಯದಿಂದ ಬಿಡುಗಡೆಯಾದ ಕಪ್ಪುಜನರಿಗಾಗಿ. ಬಸವೇಶ್ವರನಗರದ ಅಜ್ಜ ಅಜ್ಜಿಯರ ಮೊಮ್ಮಕ್ಕಳು ಅಮೆರಿಕದ ಪೌರರಾದದ್ದು ಆ ತಿದ್ದುಪಡಿಯ ನೆರಳಿನಲ್ಲಿಯೇ. 2025ರ ಜನವರಿಯಲ್ಲಿ ಈ ಹಕ್ಕನ್ನು ಮೊಟಕುಗೊಳಿಸುವ ಆದೇಶ ಹೊರಬಿದ್ದು ನ್ಯಾಯಾಲಯಗಳಲ್ಲಿ ಪ್ರಶ್ನೆಗೊಳಗಾದಾಗ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರು ಶುಲ್ಕದ ಘೋಷಣೆಯಾದಾಗ, ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ಕಳವಳ ಹುಟ್ಟಿದ್ದು ಸಹಜ. ಆ ಕಳವಳವನ್ನು ಅರ್ಥಮಾಡಿಕೊಳ್ಳಲು ಬೇಕಾದದ್ದು 1868 ಮತ್ತು 1965ರ ಚರಿತ್ರೆ. ಅದನ್ನು ಅರಿಯದವರು ತಮ್ಮ ಮಕ್ಕಳು ಯಾರ ಹೋರಾಟದ ಹೆಗಲ ಮೇಲೆ ನಿಂತಿದ್ದಾರೆಂಬುದನ್ನು ಅರಿಯದೆ, ಆ ಹೋರಾಟಗಾರರ ಬಗೆಗೆ ತಿರಸ್ಕಾರವನ್ನೂ ಬೆಳೆಸಿಕೊಳ್ಳುವ ಅಪಾಯವಿದೆ.

ಮೂರನೆಯದು ಮೀಸಲಾತಿ. ಈ ವಿಷಯದಲ್ಲಿ ಕರ್ನಾಟಕವು ಅಮೆರಿಕಕ್ಕಿಂತ ಹಿರಿಯದು. ಮೈಸೂರು ಸಂಸ್ಥಾನವು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದ್ದು 1918ರಲ್ಲಿ. ಅಮೆರಿಕದ ಸರ್ಕಾರಿ ಆಜ್ಞೆಯೊಂದರಲ್ಲಿ ಜನಾಂಗಭೇದದ ವಿರುದ್ಧ ‘ಸಕಾರಾತ್ಮಕ ಕ್ರಮ’ ಎಂಬ ಮಾತು ಬಂದದ್ದು ಕೆನಡಿಯವರ 1961ರ ಆದೇಶದಲ್ಲಿ. ಮೈಸೂರು ರಾಜ್ಯವು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಶೇಕಡಾ 68ರಷ್ಟು ಸ್ಥಾನಗಳನ್ನು ಮೀಸಲಿಟ್ಟ ಆದೇಶವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ರದ್ದುಪಡಿಸಿತು. ಮೀಸಲಾತಿ ಸಾಮಾನ್ಯವಾಗಿ ಶೇಕಡಾ 50ನ್ನು ಮೀರಬಾರದೆಂಬ ಮಾತು ಅಲ್ಲಿ ಬಂದಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯೊಂದು 100 ಸ್ಥಾನಗಳಲ್ಲಿ 16ನ್ನು ಬೇರೆಯಾಗಿರಿಸಿದ್ದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1978ರ ಬ್ಯಾಕಿ ಪ್ರಕರಣದಲ್ಲಿ ಅಸಿಂಧುಗೊಳಿಸಿತು. 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದ ತೀರ್ಪು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನೇ ಬಹುಮಟ್ಟಿಗೆ ಕೊನೆಗೊಳಿಸಿತು. ಮಿಲ್ಲರ್ ಸಮಿತಿ, ಬಾಲಾಜಿ ಪ್ರಕರಣ, 1975ರಲ್ಲಿ ವರದಿ ನೀಡಿದ ಹಾವನೂರು ಆಯೋಗ ಇವುಗಳ ಪಕ್ಕದಲ್ಲಿಟ್ಟು ಓದಿದಾಗ ಅಮೆರಿಕದ ಚರಿತ್ರೆ ಕಲಿಸುವ ಗುರುವಾಗಿ ಉಳಿಯುವುದಿಲ್ಲ. ಸರಿಸಮನಾಗಿ ಎದುರು ಕುಳಿತ ಸಂವಾದಿಯಾಗುತ್ತದೆ. ‘ಅರ್ಹತೆ’ ಎಂಬ ಪದ ಎರಡೂ ಸಮಾಜಗಳಲ್ಲಿ ಯಾರ ಅನುಕೂಲಕ್ಕೆ ಬಳಕೆಯಾಗುತ್ತದೆ ಎಂಬ ಪ್ರಶ್ನೆ ಆಗ ತಾನಾಗಿ ಎದ್ದುಬರುತ್ತದೆ.

4

ಕನ್ನಡ ಸಾಹಿತ್ಯವು ಈ ಸಂಬಂಧವನ್ನು ತನ್ನದೇ ಬಗೆಯಲ್ಲಿ ಗುರುತಿಸಿತ್ತು. ಅಂಬೇಡ್ಕರ್ ಅವರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿದರು. 1946ರಲ್ಲಿ ಕಪ್ಪುಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು ವಿಶ್ವಸಂಸ್ಥೆಗೆ ಸಲ್ಲಿಕೆಯಾದ ಮನವಿಯ ಪ್ರತಿಯನ್ನು ಕೇಳಿದರು. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರು 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಸಂಘಟನೆಗೆ ಬಂದಿತು. 1973ರ ಬೂಸಾ ಪ್ರಕರಣದ ನಂತರ ಕರ್ನಾಟಕದಲ್ಲಿ ಬೆಳೆದ ದಲಿತ ಚಳವಳಿ ಇದೇ ಕಾಲಮಾನದ್ದು. ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಅದರ ಕವಿ ಸಿದ್ಧಲಿಂಗಯ್ಯನವರು ಬೆಳೆದ ಶ್ರೀರಾಮಪುರ ರಾಜಾಜಿನಗರದ ಮಗ್ಗುಲಲ್ಲಿಯೇ ಇದೆ. ಅವರು ಮುಂದೆ ಪಾಠ ಹೇಳಿದ ಜ್ಞಾನಭಾರತಿ ಕೆಂಗೇರಿಗೆ ಹತ್ತಿರದಲ್ಲಿದೆ. ಅಲೆಕ್ಸ್ ಹೇಲಿಯ ‘ರೂಟ್ಸ್’ ಕೃತಿಯನ್ನು ಬಂಜಗೆರೆ ಜಯಪ್ರಕಾಶರು ‘ತಲೆಮಾರು’ ಎಂದು ಕನ್ನಡಕ್ಕೆ ತಂದರು. ಹೀಗೆ ಕಾವ್ಯ ಮತ್ತು ಕಥನಗಳ ಮಟ್ಟದಲ್ಲಿ ಕೊಡುಕೊಳ್ಳುವಿಕೆ ನಡೆಯಿತು. ಅದರ ಹಿಂದಿನ ದಸ್ತಾವೇಜುಗಳು ಮಾತ್ರ ತರಗತಿಗೆ ಬರಲಿಲ್ಲ. ದಲಿತ ಸಾಹಿತ್ಯವನ್ನು ಬೋಧಿಸುವ ಅಧ್ಯಾಪಕರು ‘ಕಪ್ಪುಜನರ ಸಾಹಿತ್ಯದ ಪ್ರಭಾವ’ ಎಂಬ ಒಂದು ವಾಕ್ಯವನ್ನು ಬರೆಸಿ ಮುಂದಕ್ಕೆ ಹೋಗಬೇಕಾದ ಸ್ಥಿತಿ ಇದರಿಂದ ಹುಟ್ಟಿತು.

ಇಲ್ಲಿ ಪರಿಭಾಷೆಯ ಪ್ರಶ್ನೆ ಮುಖ್ಯವಾಗುತ್ತದೆ. ಇದು ಕನ್ನಡ ವಿಭಾಗಗಳು ಕೈಹಾಕಲೇಬೇಕಾದ ಕ್ಷೇತ್ರ. ‘ನೀಗ್ರೋ’, ‘ರೆಡ್ ಇಂಡಿಯನ್’ ಎಂಬ ಮಾತುಗಳನ್ನು ಆ ಸಮುದಾಯಗಳೇ ಪ್ರಶ್ನಿಸಿ ದಶಕಗಳು ಕಳೆದಿವೆ. ಆದರೂ ಕನ್ನಡದ ಟಿಪ್ಪಣಿಗಳಲ್ಲಿ ಅವು ಇನ್ನೂ ಮರುಕಳಿಸುತ್ತವೆ. ಬಿಳಿಯರ ಹಾಗೂ ಕಪ್ಪುಜನರ ಶಾಲೆ, ಬಸ್ಸು, ಬಡಾವಣೆಗಳನ್ನು ಬೇರೆ ಮಾಡಿದ ವ್ಯವಸ್ಥೆಗೆ ‘ಪ್ರತ್ಯೇಕೀಕರಣ’ ಎಂಬ ಪದವಿದೆ. ಅದು ಸಂಸ್ಕೃತದ ಒಂದು ತಟಸ್ಥ ಪದ. ಅದರಲ್ಲಿ ಅವಮಾನದ ಅನುಭವವಿಲ್ಲ. ‘ಊರು’ ಮತ್ತು ‘ಕೇರಿ’ ಎಂಬ ಎರಡು ಪದಗಳ ನಡುವಿನ ಅಂತರ ಕನ್ನಡಕ್ಕೆ ಗೊತ್ತು. ಆ ಅಂತರದಿಂದ ಹೊರಟರೆ 1896ರ ಪ್ಲೆಸಿ ತೀರ್ಪಿನ ‘ಬೇರೆಯಾದರೂ ಸಮಾನ’ ಎಂಬ ತತ್ತ್ವದ ಟೊಳ್ಳುತನವೂ 1954ರ ಬ್ರೌನ್ ತೀರ್ಪಿನ ಮಹತ್ವವೂ ವಿದ್ಯಾರ್ಥಿಗೆ ನೇರವಾಗಿ ಮುಟ್ಟುತ್ತವೆ. ಹಾಗೆಂದು ಜನಾಂಗವೂ ಜಾತಿಯೂ ಒಂದೇ ಎಂದು ಹೇಳುವಂತಿಲ್ಲ. ಚರ್ಮದ ಬಣ್ಣ ಕಣ್ಣಿಗೆ ಕಾಣುತ್ತದೆ. ಜಾತಿಯನ್ನು ಹೆಸರು, ಊರು, ಊಟ, ನಂಟಸ್ತಿಕೆಗಳ ಮೂಲಕ ವಿಚಾರಿಸಿ ಪತ್ತೆಮಾಡಲಾಗುತ್ತದೆ. ಸಿಯಾಟಲ್ ನಗರವು 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿದ್ದು ಜಾತಿಯೂ ಸಾಗರ ದಾಟಿದೆ ಎಂಬುದಕ್ಕೆ ಸಾಕ್ಷಿ. ಸಾಮ್ಯ ಮತ್ತು ಭಿನ್ನತೆ ಎರಡನ್ನೂ ಹೇಳಬಲ್ಲ ಪದಗಳನ್ನು ಕನ್ನಡ ರೂಪಿಸಿಕೊಳ್ಳಬೇಕಾಗಿದೆ.

5

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳು ಮೂರು. ಕರ್ನಾಟಕದ ಚರಿತ್ರೆಯನ್ನೇ ಓದದ ವಿದ್ಯಾರ್ಥಿಗೆ ಅಮೆರಿಕದ ಚರಿತ್ರೆ ಏಕೆ ಎಂಬುದು ಮೊದಲನೆಯದು. ಮೇಲಿನ ನಿದರ್ಶನಗಳು ತೋರಿಸುವಂತೆ ಈ ಓದು ಕರ್ನಾಟಕದ ಚರಿತ್ರೆಯನ್ನು ಪಕ್ಕಕ್ಕೆ ತಳ್ಳುವುದಿಲ್ಲ. ಮಿಲ್ಲರ್ ಸಮಿತಿಯ ವಿಶೇಷತೆ ಪೂರ್ತಿಯಾಗಿ ತಿಳಿಯುವುದು ಹೋಲಿಕೆಯಿಂದಲೇ. ಇಂಗ್ಲಿಷಿನಲ್ಲಿ ಬೇಕಾದಷ್ಟು ಪುಸ್ತಕಗಳಿರುವಾಗ ಕನ್ನಡದಲ್ಲಿ ಏಕೆ ಎಂಬುದು ಎರಡನೆಯದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಆ ಪುಸ್ತಕಗಳು ಬೀಗ ಹಾಕಿದ ಕಪಾಟುಗಳೇ. ಇಂಗ್ಲಿಷ್ ಬಲ್ಲವರಿಗೂ ಆ ಪುಸ್ತಕಗಳು ಅಮೆರಿಕದ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತವೆಯೇ ಹೊರತು ಶ್ರೀರಾಮಪುರದ ಪ್ರಶ್ನೆಗಳಿಗಲ್ಲ. ಜಾಗತೀಕರಣದ ಹೆಸರಿನಲ್ಲಿ ಅಮೆರಿಕದ ಯಜಮಾನಿಕೆ ಈಗಾಗಲೇ ಇರುವಾಗ ಅದರ ಚರಿತ್ರೆಯನ್ನೂ ತಲೆಯ ಮೇಲೆ ಹೊರಬೇಕೆ ಎಂಬುದು ಮೂರನೆಯದು, ಗಂಭೀರವಾದದ್ದೂ ಇದೇ. ಆದರೆ ಯಜಮಾನನನ್ನು ಅರಿಯದಿರುವುದು ಪ್ರತಿರೋಧವಾಗುವುದಿಲ್ಲ. ಅಮೆರಿಕವನ್ನು ಒಂದೇ ಮುಖದ ಶಕ್ತಿಯೆಂದು ನೋಡುವ ಅಭಿಮಾನಿಯೂ ವಿರೋಧಿಯೂ ಒಂದೇ ತಪ್ಪನ್ನು ಮಾಡುತ್ತಾರೆ: ಆ ದೇಶದೊಳಗೆ ಅದರ ವಿರುದ್ಧವೇ ನಿಂತ ಕಾರ್ಮಿಕರು, ಕಪ್ಪುಜನರು, ಹೆಂಗಸರು, ಮೂಲನಿವಾಸಿಗಳು ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ.

ಮಾಡಬೇಕಾದ ಕೆಲಸ ಅಳತೆ ಮೀರಿದ್ದಲ್ಲ. 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಕೈಬಿಟ್ಟು 2024-25ರಿಂದ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿದೆ. ರಾಜ್ಯ ಶಿಕ್ಷಣ ನೀತಿ ಆಯೋಗವು 2025ರಲ್ಲಿ ಅಂತಿಮ ವರದಿ ಸಲ್ಲಿಸಿದೆ. ಪಠ್ಯಕ್ರಮಗಳು ಮರುರಚನೆಗೆ ತೆರೆದುಕೊಂಡಿರುವ ಸಂದರ್ಭ ಇದು. ಕನ್ನಡ ಮತ್ತು ಇತಿಹಾಸ ವಿಭಾಗಗಳು ಜೊತೆಗೂಡಿ ಒಂದು ಆಕರ ಸಂಪುಟವನ್ನು ಸಿದ್ಧಪಡಿಸುವುದು ಮೊದಲ ಹೆಜ್ಜೆಯಾಗಬೇಕು. ಹದಿಮೂರು, ಹದಿನಾಲ್ಕು, ಹದಿನೈದನೆಯ ತಿದ್ದುಪಡಿಗಳು; ಪ್ಲೆಸಿ, ಥಿಂದ್, ಬ್ರೌನ್, ಬ್ಯಾಕಿ ತೀರ್ಪುಗಳ ಮುಖ್ಯ ಭಾಗಗಳು; ಟ್ರಯಾಂಗಲ್ ದುರಂತದ ವಿಚಾರಣೆಯ ದಾಖಲೆಗಳು; ಅಂಬೇಡ್ಕರ್ ಮತ್ತು ಡು ಬಾಯ್ಸ್ ಅವರ ಪತ್ರಗಳು; 1965ರ ವಲಸೆ ಕಾಯಿದೆ: ಇವು ಒಂದು ಮಧ್ಯಮ ಗಾತ್ರದ ಸಂಪುಟದಲ್ಲಿ ಅಡಕವಾಗುತ್ತವೆ. ಪ್ರತಿಯೊಂದರ ಎದುರಿಗೆ ಕರ್ನಾಟಕದ ಒಂದು ದಾಖಲೆಯನ್ನು ಜೋಡಿಸಬೇಕು. ಕೊನೆಯಲ್ಲಿ ವಿವರಣೆಸಹಿತ ಪದಕೋಶವಿರಬೇಕು. ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳು ಇಂಥ ಕೆಲಸಕ್ಕೆಂದೇ ಹುಟ್ಟಿದ ಸಂಸ್ಥೆಗಳು. ಅಮೆರಿಕದಿಂದ ಮರಳಿದವರ, ಅಲ್ಲಿ ಮಕ್ಕಳಿರುವ ತಂದೆತಾಯಿಯರ, ರಫ್ತಿನ ಬಟ್ಟೆ ಹೊಲಿಯುವವರ ಮೌಖಿಕ ಕಥನಗಳನ್ನು ವಿದ್ಯಾರ್ಥಿಗಳಿಂದಲೇ ಸಂಗ್ರಹಿಸುವುದು ಎರಡನೆಯ ಹೆಜ್ಜೆ. ಜಾನಪದ ಕ್ಷೇತ್ರಕಾರ್ಯದಲ್ಲಿ ಪಳಗಿದ ಕನ್ನಡ ವಿಭಾಗಗಳಿಗೆ ಇದು ಹೊಸ ವಿದ್ಯೆಯಲ್ಲ.

ಕನ್ನಡ ವಿಭಾಗಗಳು ಕನ್ನಡದ ಕೃತಿಗಳನ್ನು ಓದಿಸಿದರೆ ಸಾಕು ಎಂಬ ತಿಳಿವಳಿಕೆ ಇಂದು ಸಾಲದು. ಜಗತ್ತಿನ ಯಾವುದೇ ಸಮಾಜದ ಚರಿತ್ರೆಯನ್ನು ಕನ್ನಡದಲ್ಲಿ ಯೋಚಿಸಲು ಸಾಧ್ಯವಾಗುವಂತೆ ಮಾಡುವುದೂ ಕನ್ನಡ ಅಧ್ಯಯನವೇ. ಮೈಸೂರು ರಸ್ತೆಯ ಕಾರ್ಖಾನೆಯಿಂದ ಮನೆಗೆ ಬರುವ ತಾಯಿಯ ಮಗಳಿಗೆ 1911ರ ನ್ಯೂಯಾರ್ಕು ತನ್ನ ಭಾಷೆಯಲ್ಲಿ ದೊರೆಯಬೇಕು. ವೀಸಾಕ್ಕಾಗಿ ಕಾಯುತ್ತಿರುವ ಅಣ್ಣನ ತಮ್ಮನಿಗೆ 1965 ತನ್ನ ಭಾಷೆಯಲ್ಲಿ ದೊರೆಯಬೇಕು. ಅದು ದೊರೆಯದಿದ್ದಲ್ಲಿ ಅಮೆರಿಕವು ಅವರಿಗೆ ಆಸೆಯಾಗಿಯೋ ಭಯವಾಗಿಯೋ ಉಳಿಯುತ್ತದೆ, ಜ್ಞಾನವಾಗುವುದಿಲ್ಲ.